ಕೇಳಿ ನೋಡಿ: ಓಪನ್ ಸೋರ್ಸ್‌ಗೆ ಹೆಸರಿಡುವ ಗಲಾಟೆ

ಓಪನ್ ಸೋರ್ಸ್, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್ ಬಗ್ಗೆ ಏನಾದರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಕೋಡ್ ಬಗ್ಗೆ ಕೇಳುತ್ತಾರೆ ಅಂದುಕೊಂಡು ಸ್ವಲ್ಪ ಓದಿಕೊಂಡೂ ಕೂತಿದ್ದೆ. ಬಂದ ಪತ್ರ ನೋಡಿದರೆ ಮುಕ್ಕಾಲು ಪಾಲು ಲೋಗೊ, ಹೆಸರು, ಘೋಷವಾಕ್ಯದ ಜಗಳವೇ. ಸರಿ, ಈ ಸಲ ಪೂರ್ತಿ ಅದಕ್ಕೇ ಬಿಟ್ಟುಕೊಡೋಣ.

ಪ್ರಶ್ನೆ: ಮೇಡಂ, ನಾವು ಹದಿನಾಲ್ಕು ಜನ ಬಿಡುವಿನ ವೇಳೆಯಲ್ಲಿ ಸೇರಿ, ಹಳ್ಳಿಗಳ ಸಣ್ಣ ಗ್ರಂಥಾಲಯಗಳಲ್ಲಿ ಪುಸ್ತಕದ ಲೆಕ್ಕ ಇಡೋಕೆ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್ ಮಾಡಿದ್ದೇವೆ. ಕೋಡ್ ಮುಗಿದು ಎರಡು ತಿಂಗಳಾಯಿತು. ಘೋಷವಾಕ್ಯ ಮಾತ್ರ ಮುಗಿಯುತ್ತಿಲ್ಲ. ವಾಟ್ಸಾಪ್ ಗುಂಪಿನಲ್ಲಿ 41 ಸಾಲು ಬಂದಿವೆ. ಎರಡು ಸಲ ವೋಟ್ ಹಾಕಿಸಿದೆವು, ಎರಡು ಸಲವೂ ಜಗಳ. ಒಬ್ಬರು ಗುಂಪು ಬಿಟ್ಟೇ ಹೋದರು. ಏನು ಮಾಡೋಣ?
— ಓದುಗರು, ಮೈಸೂರು

ಉತ್ತರ: ಗುಂಪು ಬಿಟ್ಟು ಹೋದವರಿಗೆ ಮೊದಲು ಫೋನ್ ಮಾಡಿ. ಘೋಷವಾಕ್ಯ ಎಲ್ಲಿಗೂ ಓಡಿಹೋಗಲ್ಲ.

ಮನೆ ಕಟ್ಟಿಸುವಾಗ ನೋಡಿರುತ್ತೀರಿ. ತಳಪಾಯಕ್ಕೆ ಎಷ್ಟು ಕಂಬಿ ಅಂತ ಯಾರೂ ಬಾಯಿ ಬಿಡಲ್ಲ, ಅದು ಮೇಸ್ತ್ರಿ ತಲೆನೋವು. ಗೇಟಿಗೆ ಯಾವ ಬಣ್ಣ ಅನ್ನೋ ಮಾತು ಬಂದ ಕೂಡಲೇ ಅತ್ತೆ, ಭಾವ, ಎದುರು ಮನೆ ಅಂಕಲ್, ಹಾಲು ಹಾಕುವವನು, ಎಲ್ಲರಿಗೂ ಒಂದೊಂದು ಅಭಿಪ್ರಾಯ. ಪಾರ್ಕಿನ್ಸನ್ ಅನ್ನುವ ಇಂಗ್ಲಿಷ್ ಲೇಖಕ 1957ರಲ್ಲೇ ಇದನ್ನು ಗೇಲಿ ಮಾಡಿ ಬರೆದಿದ್ದ: ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುವ ಸಮಿತಿ, ಸೈಕಲ್ ನಿಲ್ಲಿಸುವ ಶೆಡ್ಡಿನ ಬಗ್ಗೆ ಮುಗಿಯದ ಚರ್ಚೆ ಮಾಡುತ್ತದಂತೆ. 1999ರಲ್ಲಿ ಫ್ರೀಬಿಎಸ್‌ಡಿ ಅನ್ನುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ತಂಡದ ಪೌಲ್-ಹೆನಿಂಗ್ ಕ್ಯಾಂಪ್ ತಮ್ಮವರಿಗೇ ಈ ಉದಾಹರಣೆ ಕೊಟ್ಟು ಒಂದು ಉದ್ದದ ಮೇಲ್ ಬರೆದರು. ಅಲ್ಲಿಂದ ಮುಂದೆ 'ಬೈಕ್‌ಶೆಡ್' ಅನ್ನೋದು ಓಪನ್ ಸೋರ್ಸ್ ಮಂದಿಯ ಬೈಗುಳವೇ ಆಗಿಬಿಟ್ಟಿದೆ. ಅಂದರೆ ನಿಮ್ಮ ಗುಂಪಿಗೆ ಬಂದಿರೋದು ಹೊಸ ಕಾಯಿಲೆ ಏನಲ್ಲ.

ಈಗ ವೋಟಿನ ವಿಷಯ. ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳುವ ಲಿನಕ್ಸ್‌ನ ಆ ದುಂಡು ಹೊಟ್ಟೆಯ ಪೆಂಗ್ವಿನ್ ಗೊತ್ತಲ್ವಾ, ಟಕ್ಸ್? 1996ರಲ್ಲಿ ಲ್ಯಾರಿ ಎವಿಂಗ್ ಅದನ್ನು ಗಿಂಪ್ ಅನ್ನುವ ಓಪನ್ ಸೋರ್ಸ್ ಚಿತ್ರ ಸಾಫ್ಟ್‌ವೇರ್‌ನಲ್ಲಿ ಬರೆದರು. ಆ ಕಾಲದಲ್ಲಿ ಲಿನಕ್ಸ್ ಲೋಗೊಗೆ ಅಂತ ಮೂರು ಸ್ಪರ್ಧೆ ನಡೆದವು. ಟಕ್ಸ್ ಮೂರರಲ್ಲೂ ಗೆಲ್ಲಲಿಲ್ಲ! ಗೆದ್ದವು ಯಾವುವು ಅಂತ ಇವತ್ತು ಕೇಳಿದರೆ ಲಿನಕ್ಸ್ ಬಳಸುವವರೇ ತಲೆ ಕೆರೆದುಕೊಳ್ಳುತ್ತಾರೆ. ಟಕ್ಸ್ ಉಳಿದಿದ್ದಕ್ಕೆ ಕಾರಣ, ಅದು ಹೇಗಿರಬೇಕು ಅಂತ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಮೊದಲೇ ಬಿಡಿಸಿ ಹೇಳಿದ್ದರು ಅನ್ನೋದು ನನ್ನ ಲೆಕ್ಕ. ಗತ್ತಿನ ಪ್ರಾಣಿ ಬೇಡ, ಹೊಟ್ಟೆ ಬಿರಿಯ ಮೀನು ತಿಂದು, ಈಗಷ್ಟೇ ತೇಗಿ, ತೃಪ್ತಿಯಾಗಿ ಕೂತ ಪೆಂಗ್ವಿನ್ ಬೇಕು. ಇಷ್ಟು ಹೇಳಿದರೆ ಯಾರಾದರೂ ಬರೆದಾರು. 'ಆಧುನಿಕವಾಗಿ, ಸರಳವಾಗಿ, ಆಕರ್ಷಕವಾಗಿ ಇರಲಿ' ಅಂದರೆ ಬ್ರಹ್ಮನಿಗೂ ಆಗಲ್ಲ.

ಹಾಗಂತ ಬಾಗಿಲು ಹಾಕಿಕೊಂಡು ಮಾಡಿ ಅಂತ ಹೇಳುತ್ತಿಲ್ಲ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು 2016ರಲ್ಲಿ ಹೊಸ ಲೋಗೊಗೆ ಕೈ ಹಾಕಿದಾಗ ಕರಡುಗಳನ್ನೆಲ್ಲ ಊರಿಗೇ ತೋರಿಸಿ ಮಾತು ಕೇಳಿದರು, ಬೈಸಿಕೊಂಡರು. ವೋಟ್ ಮಾತ್ರ ಹಾಕಿಸಲಿಲ್ಲ. ಆರಿಸಿದ್ದು ಅವರೇ, 2017ರ ಜನವರಿಯಲ್ಲಿ. ನೀವೂ ಹಾಗೇ ಮಾಡಿ. ಮೂರು ಜನರನ್ನು ಆರಿಸಿ, ಹದಿನೈದು ದಿನ ಕೊಡಿ, ಅವರು ತಂದಿದ್ದೇ ಕೊನೆ.

ಆ ಮೂವರು ಮೊದಲು ಮಾಡಬೇಕಾದ ಕೆಲಸ ಯಾವುದು ಅಂತ ಹೇಳೋಕೆ ನನ್ನದೇ ಒಂದು ಪೆದ್ದುತನ ಬಿಚ್ಚಿಡಬೇಕು. ಕೆಲವು ವರ್ಷಗಳ ಹಿಂದೆ ನಾವು ನಾಲ್ಕೈದು ಜನ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ಮಳಿಗೆ ಹಾಕಿದ್ದೆವು, ಪತ್ರ, ಲೆಕ್ಕಪಟ್ಟಿ ಮಾಡೋಕೆ ಕನ್ನಡದಲ್ಲೂ ಬಳಸಬಹುದಾದ ಲಿಬ್ರೆಆಫೀಸ್ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ತೋರಿಸೋಕೆ. ಎರಡು ವಾರ ತಲೆ ಕೆಡಿಸಿಕೊಂಡು ಬರೆದ ಘೋಷವಾಕ್ಯ ಬ್ಯಾನರ್ ಮೇಲೆ ದೊಡ್ಡದಾಗಿತ್ತು: 'ಸಮುದಾಯದಿಂದ, ಸಮುದಾಯಕ್ಕಾಗಿ.' ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆವರೆಗೆ ನೊಣ ಹೊಡೆದೆವು. ಆಮೇಲೆ ಒಬ್ಬರು ಮೇಷ್ಟ್ರು ಬಂದರು. ಕನ್ನಡಕ ಹಣೆಗೇರಿಸಿ, ಬ್ಯಾನರ್ ಓದಿ, ಸ್ವಲ್ಪ ಹಿಂಜರಿದು ಮೆಲ್ಲಗೆ ಕೇಳಿದರು, "ಯಾವ ಸಮುದಾಯದವರಮ್ಮಾ ನೀವು?"

ನಮ್ಮ ಕಡೆ ಸಮುದಾಯ ಅಂದರೆ ಏನು ಅಂತ ನಿಮಗೂ ಗೊತ್ತು, ಸಮುದಾಯ ಭವನಗಳ ಮೇಲಿನ ಬೋರ್ಡ್ ಓದಿದವರಿಗೆಲ್ಲ ಗೊತ್ತು. ಬೆಳಗ್ಗಿನಿಂದ ಜನ ನಮ್ಮನ್ನು ಯಾವುದೋ ಜಾತಿ ಸಂಘದ ಸದಸ್ಯತ್ವ ಅಭಿಯಾನ ಅಂದುಕೊಂಡು ದೂರದಿಂದಲೇ ದಾಟಿ ಹೋಗುತ್ತಿದ್ದರು! ನಾನು ಹತ್ತು ನಿಮಿಷ ಕೊರೆದೆ, ಸೋರ್ಸ್ ಕೋಡ್, ಸ್ವಾತಂತ್ರ್ಯ, ಲೈಸೆನ್ಸ್. ಮೇಷ್ಟ್ರು ಎಲ್ಲ ಕೇಳಿಸಿಕೊಂಡು, "ಅಂದ್ರೆ ಇದರಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಬಹುದು ಅನ್ನಿ," ಅಂದರು. ಹೌದು ಸಾರ್, ಅಷ್ಟೇ. ಮಧ್ಯಾಹ್ನ ಒಂದು ಡ್ರಾಯಿಂಗ್ ಶೀಟ್ ತಂದು ಸ್ಕೆಚ್ ಪೆನ್ನಿನಲ್ಲಿ 'ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಿ. ದುಡ್ಡು ಕೊಡಬೇಕಿಲ್ಲ' ಅಂತ ಬರೆದು ಬ್ಯಾನರಿನ ಮೇಲೇ ಅಂಟಿಸಿದೆವು. ಸಂಜೆ ಹೊತ್ತಿಗೆ ಪೆನ್‌ಡ್ರೈವ್ ಹಿಡಿದವರ ಸಾಲು ನಿಂತಿತ್ತು.

ನಿಮ್ಮ 41 ಸಾಲನ್ನು ನಾನು ನೋಡಿಲ್ಲ. ಆದರೆ ಅದರಲ್ಲಿ ಎಷ್ಟು ನಿಮ್ಮ ಬಗ್ಗೆ ಇವೆ, ಎಷ್ಟು ಆ ಗ್ರಂಥಾಲಯದಲ್ಲಿ ಕೂತಿರುವವರ ಬಗ್ಗೆ ಇವೆ, ಎಣಿಸಿ ನೋಡಿ. ಆಮೇಲೆ ಒಬ್ಬ ಗ್ರಂಥಪಾಲಕರ ಹತ್ತಿರ ಹೋಗಿ ಸಾಫ್ಟ್‌ವೇರ್ ತೋರಿಸಿ, ಇದನ್ನು ಪಕ್ಕದ ಊರಿನವರಿಗೆ ಹೇಗೆ ಹೇಳ್ತೀರಿ ಅಂತ ಕೇಳಿ. ಅವರು ಹೇಳಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ.

ಪ್ರಶ್ನೆ: 'ಫ್ರೀ ಸಾಫ್ಟ್‌ವೇರ್' ಅನ್ನೋದಕ್ಕೆ ಕನ್ನಡದಲ್ಲಿ ಉಚಿತ, ಮುಕ್ತ, ಸ್ವತಂತ್ರ, ಯಾವುದು ಹಾಕಬೇಕು? ಪೋಸ್ಟರ್ ನಾಳೆ ಪ್ರಿಂಟಿಗೆ ಹೋಗಬೇಕು.
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಪತ್ರಿಕೆ ಕೈಗೆ ಬರುವಷ್ಟರಲ್ಲಿ ನಿಮ್ಮ ಪೋಸ್ಟರ್ ಗೋಡೆ ಮೇಲಿರುತ್ತೆ. ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಇದು ಇಂಗ್ಲಿಷ್‌ನವರ ತಲೆನೋವು, ನಾವು ಸುಮ್ನೆ ಎಳೆದುಕೊಂಡಿದ್ದೇವೆ. ಅವರಿಗೆ ಬಿಟ್ಟಿ ಸಿಕ್ಕಿದ್ದಕ್ಕೂ ಸ್ವಾತಂತ್ರ್ಯ ಇರುವುದಕ್ಕೂ ಒಂದೇ ಪದ. ಅದಕ್ಕೇ ಫ್ರೀ ಸಾಫ್ಟ್‌ವೇರ್ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಜೀವನವಿಡೀ 'ಮಾತಿನ ಸ್ವಾತಂತ್ರ್ಯದ ಫ್ರೀ, ಪುಕ್ಕಟೆ ಬಿಯರಿನ ಫ್ರೀ ಅಲ್ಲ' ಅಂತ ವಿವರಿಸುತ್ತಲೇ ಇದ್ದಾರೆ. ವಿವರಿಸಿ ಸಾಕಾದವರು 1998ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಸೇರಿ ಬೇರೆ ಹೆಸರು ಹುಡುಕಿದರು. 'ಓಪನ್ ಸೋರ್ಸ್' ಅನ್ನುವ ಪದ ಕೊಟ್ಟಿದ್ದು ಕ್ರಿಸ್ಟೀನ್ ಪೀಟರ್ಸನ್. ನೆಟ್‌ಸ್ಕೇಪ್ ಅನ್ನುವ ಕಂಪನಿ ತನ್ನ ಬ್ರೌಸರಿನ ಕೋಡ್ ಬಿಟ್ಟುಕೊಡುತ್ತೇನೆ ಅಂತ ಆಗಷ್ಟೇ ಹೇಳಿತ್ತು, ಕಂಪನಿಗಳಿಗೆ ಹೆದರಿಕೆ ಆಗದ ಪದ ಬೇಕಿತ್ತು. ಇಡೀ ಚಳವಳಿಯ ಅರ್ಧ ಪಾಲು ಹೊಸ ಬೋರ್ಡ್ ಹಾಕಿಕೊಂಡಿದ್ದು ಹೀಗೆ. ಸ್ಟಾಲ್‌ಮನ್ ಇವತ್ತಿಗೂ ಆ ಬೋರ್ಡ್ ಒಪ್ಪಿಲ್ಲ.

ನಮ್ಮಲ್ಲಿ ಪದಗಳು ಬೇರೆ ಬೇರೆ ಇವೆ, ಪುಣ್ಯ. 'ಉಚಿತ' ಅಂದರೆ ದುಡ್ಡಿಲ್ಲ ಅಷ್ಟೇ. ಬಸ್ಸು ಉಚಿತ, ಸೀರೆ ಜೊತೆ ಬ್ಲೌಸ್ ಪೀಸ್ ಉಚಿತ. ಉಚಿತವಾಗಿ ಸಿಗುವ, ಆದರೆ ಒಳಗೆ ಏನಿದೆ ಅಂತ ತೋರಿಸದ ಸಾಫ್ಟ್‌ವೇರ್ ಬೇಕಾದಷ್ಟಿವೆ, ಅವುಗಳ ಜೊತೆ ನೀವು ಕಲಸಿಹೋಗುತ್ತೀರಿ. 'ಮುಕ್ತ' ಜನರ ಕಿವಿಗೆ ಬಿದ್ದ ಪದ, ಮುಕ್ತ ವಿಶ್ವವಿದ್ಯಾಲಯ ಅಂತ ಎಲ್ಲರೂ ಹೇಳುತ್ತಾರೆ. 'ಸ್ವತಂತ್ರ ತಂತ್ರಾಂಶ' ಅರ್ಥದಲ್ಲಿ ಸರಿಯಾಗಿದೆ, ಆದರೆ ಜೋರಾಗಿ ಮೂರು ಸಲ ಹೇಳಿ ನೋಡಿ, ನಾಲಿಗೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ. ನನ್ನ ಓಟು 'ಮುಕ್ತ'ಕ್ಕೆ.

ಇನ್ನೂ ಒಳ್ಳೆಯದು, ಆ ಪದಗಳನ್ನೇ ಬಿಟ್ಟುಬಿಡೋದು. ಕೇರಳದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಅನ್ನುವ ಸ್ವಯಂಸೇವಕರ ಗುಂಪಿನ ಘೋಷವಾಕ್ಯ ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗಿದೆ: ನನ್ನ ಕಂಪ್ಯೂಟರಿಗೆ ನನ್ನ ಭಾಷೆ. ಮುಕ್ತ ಇಲ್ಲ, ಉಚಿತ ಇಲ್ಲ, ಲೈಸೆನ್ಸ್ ಇಲ್ಲ. ಏನು ಬೇಕು ಅನ್ನೋದು ಮಾತ್ರ ಇದೆ. ನನಗೆ ಹೊಟ್ಟೆಕಿಚ್ಚಾಗುವ ಸಾಲು ಇದು.

ಪ್ರಶ್ನೆ: ನಮ್ಮ ಆ್ಯಪ್‌ಗೆ ಇಟ್ಟ ಹೆಸರು ಈಗಾಗಲೇ ಒಂದು ಕಂಪನಿ ಇಟ್ಟುಕೊಂಡಿದೆಯಂತೆ. ನಾವು ದುಡ್ಡು ಮಾಡುವವರಲ್ಲವಲ್ಲ, ನಮಗೇನು ತೊಂದರೆ?
— ಓದುಗರು, ದಾವಣಗೆರೆ

ಉತ್ತರ: ಟ್ರೇಡ್‌ಮಾರ್ಕ್ ಅನ್ನೋದು ನೀವು ದುಡ್ಡು ಮಾಡ್ತೀರೋ ಇಲ್ಲವೋ ಅನ್ನೋದರ ಮೇಲೆ ಮಾತ್ರ ನಿಂತಿಲ್ಲ, ಜನ ಮೋಸಹೋಗುತ್ತಾರಾ ಅನ್ನೋದರ ಮೇಲೂ ನಿಂತಿದೆ. ಫೈರ್‌ಫಾಕ್ಸ್ ಕಥೆ ಕೇಳಿ. 2002ರ ಸೆಪ್ಟೆಂಬರಿನಲ್ಲಿ ಅದು 'ಫೀನಿಕ್ಸ್' ಆಗಿ ಹುಟ್ಟಿತು. ಫೀನಿಕ್ಸ್ ಟೆಕ್ನಾಲಜೀಸ್ ಅನ್ನುವ ಕಂಪನಿ ಆಕ್ಷೇಪ ಎತ್ತಿತು. 2003ರ ಏಪ್ರಿಲ್‌ನಲ್ಲಿ 'ಫೈರ್‌ಬರ್ಡ್' ಅಂತ ಬದಲಾಯಿಸಿದರು. ಆ ಹೆಸರಿನ ಡೇಟಾಬೇಸ್ ಮೊದಲೇ ಇತ್ತು, ಅದೂ ಓಪನ್ ಸೋರ್ಸೇ. ಕಂಪನಿ ಜೊತೆ ಜಗಳ ಒಂದು ತೂಕ, ಅಣ್ಣತಮ್ಮಂದಿರ ಜಗಳ ಇನ್ನೊಂದು ತೂಕ! ಕೊನೆಗೆ 2004ರ ಫೆಬ್ರವರಿಯಲ್ಲಿ 'ಫೈರ್‌ಫಾಕ್ಸ್' ಆಯಿತು. (ಅಂದಹಾಗೆ ಫೈರ್‌ಫಾಕ್ಸ್ ಅನ್ನೋದು ಕೆಂಪು ಪಾಂಡಾದ ಇನ್ನೊಂದು ಹೆಸರು. ಲೋಗೊದಲ್ಲಿ ಇರುವುದು ಮಾತ್ರ ನರಿಯೇ.)

ಲಿಬ್ರೆಆಫೀಸ್‌ಗೆ ಮೂಲವಾದ ಓಪನ್‌ಆಫೀಸ್ ಹೆಸರಿನ ಬಾಲಕ್ಕೆ '.ಆರ್ಗ್' ಅಂತ ಅಂಟಿಕೊಂಡಿದ್ದೂ ಇದೇ ಕಾರಣಕ್ಕೆ, ಬರಿಯ ಹೆಸರು ಬೇರೆಯವರ ಕೈಯಲ್ಲಿತ್ತು. 2010ರ ಸೆಪ್ಟೆಂಬರಿನಲ್ಲಿ ಅದರ ಸ್ವಯಂಸೇವಕರಲ್ಲಿ ಬಹಳಷ್ಟು ಜನ, ಆಗ ಅದರ ಒಡೆತನ ಇದ್ದ ಒರೇಕಲ್ ಕಂಪನಿಯ ನೆರಳಿನಿಂದ ಹೊರಬಂದಾಗ ಹಳೆಯ ಹೆಸರನ್ನು ತರೋಕೆ ಆಗಲಿಲ್ಲ. ಕೋಡ್ ತರಬಹುದು, ಹೆಸರು ತರುವ ಹಾಗಿಲ್ಲ! ಲಿಬ್ರೆಆಫೀಸ್ ಅಂತ ಹೊಸದಾಗಿ ನಾಮಕರಣ ಮಾಡಿ, ಅದನ್ನು ಮೊದಲಿನಿಂದ ಜನರ ಬಾಯಿಗೆ ಹಾಕಬೇಕಾಯಿತು. ಲಿನಕ್ಸ್ ಅನ್ನುವ ಹೆಸರನ್ನೇ 1990ರ ದಶಕದಲ್ಲಿ ಅಮೆರಿಕದಲ್ಲಿ ಯಾರೋ ತಮ್ಮ ಹೆಸರಿಗೆ ನೋಂದಾಯಿಸಿಕೊಂಡಿದ್ದರು. ಜಗಳ ಮಾಡಿ 1997ರಲ್ಲಿ ಅದನ್ನು ಟೋರ್ವಾಲ್ಡ್ಸ್‌ಗೆ ವಾಪಸ್ ಕೊಡಿಸಿದರು.

ಭಾರತದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಲ್ಲಿ ಹೆಸರು ಹುಡುಕೋದು ಎಲ್ಲರಿಗೂ ತೆರೆದಿದೆ, ಸಾಫ್ಟ್‌ವೇರ್ 9ನೇ ವರ್ಗದಲ್ಲಿ ಬರುತ್ತೆ. ಹತ್ತು ನಿಮಿಷದ ಕೆಲಸ. ಟೀ ಶರ್ಟ್ ಪ್ರಿಂಟ್ ಮಾಡಿಸುವ ಮೊದಲು ಮಾಡಿ. ನಮ್ಮ ಹುಡುಗರು ಕನ್ನಡದ ಓಪನ್ ಫಾಂಟುಗಳಿಗೆ 'ಗುಬ್ಬಿ', 'ನವಿಲು' ಅಂತ ಇಟ್ಟಿದ್ದಾರೆ ನೋಡಿ, ಎಷ್ಟು ಚೆನ್ನಾಗಿದೆ, ಅಕ್ಷರ ನೋಡುವ ಮೊದಲೇ ಇಷ್ಟ ಆಗಿಬಿಡುತ್ತೆ.

ಪ್ರಶ್ನೆ: ಟಕ್ಸ್ ಚಿತ್ರ ಹಾಕಿ ಟೀ ಶರ್ಟ್ ಮಾರಬಹುದಾ? ಫೈರ್‌ಫಾಕ್ಸ್ ಲೋಗೊ?
— ಓದುಗರು, ಮಂಗಳೂರು

ಉತ್ತರ: ಟಕ್ಸ್ ಆಗಬಹುದು. ಬರೆದ ಲ್ಯಾರಿ ಎವಿಂಗ್ ಅವರನ್ನೂ ಗಿಂಪನ್ನೂ ಯಾರಾದರೂ ಕೇಳಿದಾಗ ಹೆಸರಿಸಿ ಅನ್ನೋದಷ್ಟೇ ಷರತ್ತು. ಫೈರ್‌ಫಾಕ್ಸ್ ಬೇಡ, ಕೇಳದೆ ಮುಟ್ಟಬೇಡಿ. ಕೋಡ್ ಓಪನ್ ಅಂದ ಮಾತ್ರಕ್ಕೆ ಲೋಗೊ ಓಪನ್ ಅಲ್ಲ. ಡೆಬಿಯನ್ ಅನ್ನುವ ಲಿನಕ್ಸ್ ಆವೃತ್ತಿ ಮಾಡುವವರೂ ಈ ವಿಷಯಕ್ಕೆ ಮೊಜಿಲ್ಲಾ ಜೊತೆ ಮುನಿಸಿಕೊಂಡು 2006ರಿಂದ 2016ರವರೆಗೆ ಅದೇ ಬ್ರೌಸರನ್ನು 'ಐಸ್‌ವೀಸಲ್' ಅನ್ನುವ ಹೆಸರಲ್ಲಿ ಹಂಚಿದರು. ಬೆಂಕಿಗೆ ಹಿಮ, ನರಿಗೆ ಮುಂಗುಸಿ ಜಾತಿಯಂಥ ಇನ್ನೊಂದು ಪ್ರಾಣಿ. ಕೋಪದಲ್ಲೂ ತಮಾಷೆ ಬಿಡಲಿಲ್ಲ.

ಪ್ರಶ್ನೆ: ನನಗೆ ಕೋಡ್ ಬರಲ್ಲ. ಚಿತ್ರ ಬರೀತೀನಿ, ಸ್ವಲ್ಪ ಕನ್ನಡ ಚೆನ್ನಾಗಿ ಬರೀತೀನಿ. ಓಪನ್ ಸೋರ್ಸ್‌ನವರು ನನ್ನಂಥವರನ್ನು ಸೇರಿಸಿಕೊಳ್ಳುತ್ತಾರಾ?
— ಗೃಹಿಣಿ, ಶಿರಸಿ

ಉತ್ತರ: ಎರಡು ಕೈ ಚಾಚಿ. ಕೋಡ್ ಬರೆಯುವವರು ಸಿಗುತ್ತಾರೆ, ಒಂದು ಸಾಲು ನೆಟ್ಟಗೆ ಬರೆಯುವವರು ಸಿಗಲ್ಲ. ಫೈರ್‌ಫಾಕ್ಸ್ 1.0 ಬಂದ ಮುಂದಿನ ತಿಂಗಳು, 2004ರ ಡಿಸೆಂಬರ್ 16ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎರಡು ಪುಟದ ಜಾಹೀರಾತು ಬಂತು. ದುಡ್ಡು ಹಾಕಿದವರು ಬಳಕೆದಾರರೇ. ಸುಮಾರು 10,000 ಜನರ ಹೆಸರು ಇರುವೆ ಸಾಲಿನಂತೆ ಅದರಲ್ಲಿ ಅಚ್ಚಾಗಿತ್ತು. ಇದೆಲ್ಲ ಕೋಡ್ ಬರೆಯುವವರ ಕೈಯಿಂದಲೇ ಆಗುವ ಕೆಲಸ ಅಲ್ಲ, ಅಲ್ವಾ?

ಚಿತ್ರ ಬರೆಯುವ ಇಂಕ್‌ಸ್ಕೇಪ್ ಅಥವಾ ಕೃತಾ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿಕೊಳ್ಳಿ, ಎರಡಕ್ಕೂ ದುಡ್ಡಿಲ್ಲ. ಹೊಸ ಆವೃತ್ತಿ ಬರುವಾಗ ಇಂಕ್‌ಸ್ಕೇಪ್‌ನವರು 'ಅಬೌಟ್' ಪರದೆಗೆ ಚಿತ್ರಸ್ಪರ್ಧೆ ಇಡುತ್ತಾರೆ, ಅದರಲ್ಲಿ ಕೈ ಆಡಿಸಬಹುದು. ಯಾವ ತಂಡಕ್ಕೆ ಲೋಗೊ ಕೊಟ್ಟರೂ ಬರಿಯ ಜೆಪೆಗ್ ಕೊಡಬೇಡಿ, ತಿದ್ದಲು ಬರುವ ಎಸ್‌ವಿಜಿ ಫೈಲ್ ಕೊಡಿ, ಯಾವ ಲೈಸೆನ್ಸ್ ಅಂತ ಒಂದು ಸಾಲು ಬರೆದುಕೊಡಿ. ಅಂಥ ಸಾಲು ಇಲ್ಲದೆ, ಬರೆದವರು ಎಲ್ಲಿದ್ದಾರೋ ಗೊತ್ತಾಗದೆ, ಒಳ್ಳೆಯ ಲೋಗೊವನ್ನೇ ಕೈಬಿಟ್ಟ ಒಂದು ತಂಡದಲ್ಲಿ ನಾನಿದ್ದೆ.

ಪ್ರಶ್ನೆ: ನಮ್ಮ ಲೋಗೊದಲ್ಲಿ ಗಂಡಭೇರುಂಡ, ಪುಸ್ತಕ, ಸೂರ್ಯ, ಗೇರ್ ಚಕ್ರ, ಕರ್ನಾಟಕದ ನಕ್ಷೆ ಎಲ್ಲ ಇದೆ. ಫ್ಲೆಕ್ಸ್‌ನಲ್ಲಿ ಸೂಪರ್. ಮೊಬೈಲಿನಲ್ಲಿ ಮಾತ್ರ ಏನೋ ಚೆನ್ನಾಗಿ ಕಾಣಲ್ಲ.
— ಓದುಗರು, ಬೆಂಗಳೂರು

ಉತ್ತರ: ಬ್ರೌಸರ್ ಟ್ಯಾಬಿನಲ್ಲಿ ಲೋಗೊಗೆ ಸಿಗುವ ಜಾಗ ಉದ್ದ 16, ಅಗಲ 16 ಚುಕ್ಕಿ. ಒಟ್ಟು 256. ಒಂದು ಚೌಕುಳಿ ಪುಸ್ತಕದ ಹಾಳೆಯಲ್ಲಿ ಹದಿನಾರು ಮನೆ ಉದ್ದ, ಹದಿನಾರು ಮನೆ ಅಗಲ ಗೆರೆ ಹಾಕಿ, ನಿಮ್ಮ ಗಂಡಭೇರುಂಡವನ್ನು ಪೆನ್ಸಿಲ್ಲಿನಲ್ಲಿ ಮನೆ ತುಂಬಿ ಬರೆಯಿರಿ. ಎರಡು ತಲೆ ಹಿಡಿಸಿದರೆ ನನಗೂ ಒಂದು ಫೋಟೊ ಕಳಿಸಿ.