ಬರ್ಗರ್ ಪ್ಯಾಟಿ ಗಟ್ಟಿಯಾಗುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಖೀಮಾಗೆ ಉಪ್ಪು, ಈರುಳ್ಳಿ, ಮೊಟ್ಟೆ ಸೇರಿಸಿ ಚೆನ್ನಾಗಿ ನಾದಿ ಹ್ಯಾಂಬರ್ಗರ್ ಮಾಡುತ್ತೇನೆ. ಆದರೂ ಪ್ಯಾಟಿ ರಬ್ಬರಿನಂತಾಗುತ್ತದೆ. ಏನು ತಪ್ಪಾಗುತ್ತಿದೆ?

ಉತ್ತರ: ನಾದುವುದೇ ತಪ್ಪು. ಖೀಮಾದೊಳಗೆ ಉಪ್ಪು ಬೆರೆತರೆ ಮಾಂಸದಲ್ಲಿರುವ ಮಯೋಸಿನ್ ಎಂಬ ಪ್ರೋಟೀನ್ ಕರಗಿ ಅಂಟಾಗುತ್ತದೆ. ನಾದಿದಷ್ಟೂ ಆ ಅಂಟು ಬಿಗಿಯುತ್ತದೆ. ಸಾಸೇಜಿಗೆ ಈ ಬಿಗಿ ಬೇಕು, ಬರ್ಗರಿಗೆ ಬೇಡ. ಬರ್ಗರ್ ಹಲ್ಲಿಗೆ ಸಿಕ್ಕ ಕೂಡಲೇ ಉದುರುದುರಾಗಿ ಬಿಡಿಸಿಕೊಳ್ಳಬೇಕು.

ನಾಲ್ಕು ಬರ್ಗರಿಗೆ 600 ಗ್ರಾಂ ಬೀಫ್ ಖೀಮಾ ಸಾಕು. ಅದರಲ್ಲಿ ಶೇ 20ರಷ್ಟು ಕೊಬ್ಬಿರಲಿ; ಶೇ 10ಕ್ಕೆ ಇಳಿದರೆ ಎಷ್ಟೇ ಜಾಣತನದಿಂದ ಬೇಯಿಸಿದರೂ ಒಣಗುತ್ತದೆ. ಖೀಮಾ ತೀರಾ ನುಣ್ಣಗಿರದೆ ತರಿತರಿಯಾಗಿರಲಿ, ಫ್ರಿಜ್ಜಿನಿಂದ ಆಗಷ್ಟೇ ತೆಗೆದಿರಲಿ. ಕೈಯ ಬಿಸಿಗೆ ಕೊಬ್ಬು ಕರಗತೊಡಗಿದರೆ ಪ್ಯಾಟಿ ಜಿಡ್ಡುಜಿಡ್ಡಾಗುತ್ತದೆ. 150 ಗ್ರಾಂನ ಉಂಡೆಗಳನ್ನು ಹಗುರವಾಗಿ ಕಟ್ಟಿ, 2 ಸೆಂ.ಮೀ. ದಪ್ಪಕ್ಕೆ ತಟ್ಟಿ. ಬೇಯುವಾಗ ಕುಗ್ಗುವುದರಿಂದ ಅಗಲ ಬನ್ನಿಗಿಂತ 1 ಸೆಂ.ಮೀ. ಹೆಚ್ಚಿರಬೇಕು. ಮೊಟ್ಟೆ ಬೇಕಿಲ್ಲ. ಈರುಳ್ಳಿಯನ್ನು ಬೇರೆಯಾಗಿ ಹುರಿದು ಮೇಲಿಡಿ. ಹಸಿಯಾಗಿ ಒಳಗೆ ಸೇರಿಸಿದರೆ ನೀರು ಬಿಟ್ಟು ಪ್ಯಾಟಿಯನ್ನು ಒಡೆಯುತ್ತದೆ. ಉಪ್ಪನ್ನು ಕಾವಲಿಗೆ ಹಾಕುವ ಮುನ್ನ, ಮೇಲ್ಮೈಗೆ ಮಾತ್ರ ಉದುರಿಸಿ: ಎರಡೂ ಬದಿ ಸೇರಿ ಒಂದು ಪ್ಯಾಟಿಗೆ ಕಾಲು ಟೀ ಚಮಚ.

ಪ್ರಶ್ನೆ: ಬೆಂದ ಪ್ಯಾಟಿ ನಡುವೆ ಉಬ್ಬಿ ಚೆಂಡಿನಂತಾಗುತ್ತದೆ.

ಉತ್ತರ: ಅಂಚು ಮೊದಲು ಬಿಸಿಯಾಗಿ ಕುಗ್ಗುತ್ತದೆ, ನಡುಭಾಗವನ್ನು ಹಿಂಡಿ ಮೇಲೆತ್ತುತ್ತದೆ. ಹಸಿ ಪ್ಯಾಟಿಯ ನಡುವೆ ಹೆಬ್ಬೆರಳಿನಿಂದ ಅರ್ಧ ಸೆಂ.ಮೀ. ಆಳದ ತಗ್ಗು ಮಾಡಿ. ಬೆಂದಾಗ ಸಮವಾಗುತ್ತದೆ.

ಪ್ರಶ್ನೆ: ಕೆಲವರು ಪ್ಯಾಟಿಯನ್ನು ಕಾವಲಿಯ ಮೇಲೆ ಒತ್ತುತ್ತಾರೆ, ಕೆಲವರು ಒತ್ತಲೇಬಾರದು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಹೊತ್ತು ಮಾತ್ರ ಬೇರೆ. ತೆಳು ಬರ್ಗರಿಗೆ 60 ಗ್ರಾಂನ ತಣ್ಣನೆಯ ಉಂಡೆಯನ್ನು ಹೊಗೆಯಾಡುವಷ್ಟು ಕಾದ ಕಬ್ಬಿಣದ ಕಾವಲಿಗೆ ಹಾಕಿ, ಮೊದಲ 30 ಸೆಕೆಂಡಿನೊಳಗೆ ಒಮ್ಮೆ ಬಲವಾಗಿ ಒತ್ತಬೇಕು. ಆಗ ಕೊಬ್ಬು ಇನ್ನೂ ಗಟ್ಟಿಯಾಗಿರುವುದರಿಂದ ಹೊರಬರುವುದಿಲ್ಲ, ಮಾಂಸ ಕಾವಲಿಗೆ ಪೂರ್ತಿ ತಾಗಿ ಕಂದು ಪದರ ಕಟ್ಟುತ್ತದೆ. ಬರ್ಗರಿನ ರುಚಿಯ ಬಹುಪಾಲು ಆ ಪದರದಲ್ಲೇ ಇದೆ. ತಳಕ್ಕೆ ಅಂಟಿದ ಪದರವನ್ನೂ ಸಟ್ಟುಗದಿಂದ ಕೆರೆದೆತ್ತಿ ಮಗುಚಿ, ಬಿಡಬೇಡಿ. ಕೊಬ್ಬು ಕರಗಿದ ಮೇಲೆ ಒತ್ತಿದರೆ ಚುರ್ರೆಂದು ಹೊರಗೆ ಸುರಿಯುವುದು ನಿಮ್ಮ ಬರ್ಗರಿನ ರಸವೇ. ದಪ್ಪ ಪ್ಯಾಟಿಯನ್ನು ಯಾವ ಹಂತದಲ್ಲೂ ಒತ್ತಬೇಡಿ.

ಪ್ರಶ್ನೆ: ಒಳಗೆ ಗುಲಾಬಿ ಬಣ್ಣವಿದ್ದರೆ ತಿನ್ನಬಹುದೇ?

ಉತ್ತರ: ಬಣ್ಣವನ್ನು ನಂಬಬೇಡಿ. ಇಡೀ ಮಾಂಸದ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಮೈಯಲ್ಲಿರುತ್ತವೆ, ಕಾವಲಿಯ ಬಿಸಿಗೆ ಸಾಯುತ್ತವೆ. ಖೀಮಾ ಮಾಡಿದಾಗ ಹೊರಮೈಯೇ ಒಳಗೆ ಸೇರಿಹೋಗುತ್ತದೆ. ಹಾಗಾಗಿ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಕೋಳಿಯ ಖೀಮಾ ಆದರೆ 74. ಆ ಬಿಸಿ ಮುಟ್ಟುವ ಮೊದಲೇ ಕಂದಾಗುವ ಮಾಂಸವಿದೆ, ಮುಟ್ಟಿದ ಮೇಲೂ ಗುಲಾಬಿಯಾಗೇ ಉಳಿಯುವುದೂ ಇದೆ. ಅಡುಗೆ ಥರ್ಮಾಮೀಟರನ್ನು ಮೇಲಿನಿಂದಲ್ಲ, ಪಕ್ಕದಿಂದ ನಡುವಿನವರೆಗೆ ಚುಚ್ಚಿ ನೋಡಿ. 2 ಸೆಂ.ಮೀ. ಪ್ಯಾಟಿಗೆ ಮಧ್ಯಮಕ್ಕಿಂತ ತುಸು ಹೆಚ್ಚಿನ ಉರಿಯಲ್ಲಿ ಬದಿಗೆ ಸುಮಾರು 4 ನಿಮಿಷ ಹಿಡಿಯುತ್ತದೆ. ಗಡಿಯಾರ ಬರೀ ಅಂದಾಜಿಗೆ, ತೀರ್ಮಾನ ಥರ್ಮಾಮೀಟರಿನದು. ಚೀಸ್ ಹಾಕುವುದಾದರೆ ಕೊನೆಯ ಒಂದು ನಿಮಿಷದಲ್ಲಿ ಇಟ್ಟು ಮುಚ್ಚಳ ಮುಚ್ಚಿ.

ಪ್ರಶ್ನೆ: ಹ್ಯಾಂಬರ್ಗರಿನಲ್ಲಿ ಹ್ಯಾಮ್ ಇರುತ್ತದೆಯೇ?

ಉತ್ತರ: ಇಲ್ಲ. ಹೆಸರು ಬಂದದ್ದು ಜರ್ಮನಿಯ ಹ್ಯಾಂಬರ್ಗ್ ಊರಿನಿಂದ.

ಪ್ರಶ್ನೆ: ಅರ್ಧ ತಿನ್ನುವಷ್ಟರಲ್ಲಿ ಕೆಳಗಿನ ಬನ್ ನೆನೆದು ಹರಿಯುತ್ತದೆ.

ಉತ್ತರ: ಬನ್ನಿನ ಕತ್ತರಿಸಿದ ಮೈಗೆ ಬೆಣ್ಣೆ ಸವರಿ ಹೊಂಬಣ್ಣ ಬರುವವರೆಗೆ ಕಾಯಿಸಿ, ಬೆಣ್ಣೆಯೂ ಗರಿಯಾದ ಮೈಯೂ ರಸವನ್ನು ತಡೆಯುತ್ತವೆ. ಪ್ಯಾಟಿಯನ್ನು ಕಾವಲಿಯಿಂದ ಇಳಿಸಿದೊಡನೆ ಬನ್ನಿಗೆ ಹಾಕದೆ 2 ನಿಮಿಷ ತಟ್ಟೆಯಲ್ಲಿಡಿ, ಹರಿಯುವಷ್ಟು ರಸ ಅಲ್ಲೇ ಹರಿದುಹೋಗಲಿ. ಲೆಟಿಸ್ ಎಲೆಯನ್ನು ಚೆನ್ನಾಗಿ ಒರೆಸಿ ಪ್ಯಾಟಿಯ ಕೆಳಗೆ ಹಾಸಿ. ಟೊಮೆಟೊ ಬಿಲ್ಲೆ ಮೇಲಿರಲಿ, ಅದನ್ನೂ ಒಮ್ಮೆ ಒತ್ತಿ ಒರೆಸಿಕೊಳ್ಳಿ.