ಹಬ್ಬ ಬಿಟ್ಟ ಮಗ, ಕಾದ ತಾಯಿ: ಆಪ್ತಸಲಹೆಯ ಒಂದು ಪ್ರಕರಣ

ತಾಯಂದಿರ ದಿನ, ಹೊಸ ವರ್ಷದ ಹಿಂದಿನ ರಾತ್ರಿ, ಪ್ರೇಮಿಗಳ ದಿನ, ಹ್ಯಾಲೊವೀನ್ (ಭೂತಪ್ರೇತಗಳ ವೇಷ ಹಾಕಿ ಆಚರಿಸುವ ಪಾಶ್ಚಾತ್ಯ ಹಬ್ಬ), ಹುಟ್ಟುಹಬ್ಬ ಮುಂತಾದವನ್ನು ಆಚರಿಸಬೇಕೆಂದು ಸತ್ಯವೇದದಲ್ಲಿ ಎಲ್ಲಿಯೂ ಆಜ್ಞೆಯಿಲ್ಲ. ಇಂಥ ದಿನಗಳಲ್ಲಿ ಕ್ರೈಸ್ತ ವಿಶ್ವಾಸಿಗಳು ಪಾಲುಗೊಳ್ಳಬಹುದೇ ಎಂಬ ವಿಷಯದಲ್ಲಿ ಮನಸ್ತಾಪ ಬೆಳೆಸಿಕೊಂಡ ಕುಟುಂಬಗಳು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿರುತ್ತವೆ. ಮೇಲ್ನೋಟಕ್ಕೆ ಇದು ಬೋಧನೆಗೆ ಸಂಬಂಧಿಸಿದ ಪ್ರಶ್ನೆ, ಸಭಾಪಾಲಕರು ಉತ್ತರಿಸಬೇಕಾದದ್ದು. ಆದರೆ ಬರುವವರಲ್ಲಿ ಹೆಚ್ಚಿನವರು ಆ ಉತ್ತರವನ್ನು ಪಡೆದೇ ಬಂದಿರುತ್ತಾರೆ. ಅದನ್ನು ಮನೆಯಲ್ಲಿ ಜಾರಿಗೆ ತಂದ ಮೇಲೆ ಹುಟ್ಟಿಕೊಂಡ ಮುನಿಸು ಅವರನ್ನು ಇಲ್ಲಿಗೆ ಕರೆತಂದಿರುತ್ತದೆ. ಇಲ್ಲಿ ಹೇಳುತ್ತಿರುವ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ಬಂದವರು ಮಧ್ಯವಯಸ್ಸಿನ ದಂಪತಿ. ಪತಿಯು ಕೆಲವು ವರ್ಷಗಳ ಹಿಂದೆ ವಿಶ್ವಾಸದಲ್ಲಿ ಹೊಸ ಹುರುಪು ಪಡೆದವರು. ಅಲ್ಲಿಂದ ಮುಂದೆ ಒಂದೊಂದಾಗಿ ಎಲ್ಲ ‘ಲೋಕದ ದಿನ’ಗಳನ್ನೂ ಕೈಬಿಟ್ಟಿದ್ದರು. ಪತ್ನಿಗೆ ಅಷ್ಟು ಕಟ್ಟುನಿಟ್ಟು ಬೇಕೆನಿಸಿರಲಿಲ್ಲ. ಮಗುವಿನ ಶಾಲೆಯ ವೇಷದ ದಿನದ ವಿಚಾರಕ್ಕೆ ಶುರುವಾದ ಜಗಳ ಬೆಳೆಯುತ್ತ ಹೋಗಿ, ಕೊನೆಗೆ ಪತಿಯ ವಿಧವೆ ತಾಯಿ ಸೊಸೆಗೆ ಮಾತ್ರ ಫೋನ್ ಮಾಡುವ, ಮಗನೊಂದಿಗೆ ಮಾತಾಡದ ಸ್ಥಿತಿಗೆ ಬಂದು ನಿಂತಿತ್ತು.

ಮೊದಲ ಭೇಟಿಗಳಲ್ಲಿ ಆ ಮಗ ತಮ್ಮೊಂದಿಗೆ ಒಂದು ಕಡತ ತರುತ್ತಿದ್ದರು. ಪ್ರತಿಯೊಂದು ದಿನದ ಮೂಲ ಯಾವ ಅನ್ಯದೇವತೆಯ ಪೂಜೆಯಲ್ಲಿದೆ ಎಂಬುದರ ಮುದ್ರಿತ ಹಾಳೆಗಳು ಅದರಲ್ಲಿದ್ದವು. ಮುಖ್ಯವೆನಿಸಿದ ಸಾಲುಗಳ ಮೇಲೆ ಹಳದಿ ಬಣ್ಣ ಬಳಿದಿದ್ದರು. ತಾಯಂದಿರ ದಿನದ ಹಾಳೆಯಲ್ಲಿ ಗ್ರೀಕರ ಮಾತೃದೇವತೆಯ ಉತ್ಸವದ ವಿವರವಿತ್ತು. ಇಂದು ನಾವು ಕಾಣುವ ತಾಯಂದಿರ ದಿನ ಆರಂಭವಾದದ್ದು 1908ರಲ್ಲಿ, ಅಮೆರಿಕದ ಗ್ರಾಫ್ಟನ್ ಎಂಬ ಊರಿನ ಮೆಥೊಡಿಸ್ಟ್ ಚರ್ಚೊಂದರಲ್ಲಿ, ಆ್ಯನಾ ಜಾರ್ವಿಸ್ ಎಂಬಾಕೆ ತನ್ನ ದಿವಂಗತ ತಾಯಿಯ ನೆನಪಿಗೆಂದು ಏರ್ಪಡಿಸಿದ ಆರಾಧನೆಯಿಂದ ಎಂದು ನಾನು ಹೇಳಿದೆ. 1914ರಲ್ಲಿ ಅದಕ್ಕೆ ಆ ದೇಶದಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿತು. ಮುಂದೆ ಅದು ವ್ಯಾಪಾರದ ಸರಕಾದದ್ದನ್ನು ಕಂಡು ಆಕೆಯೇ ಅದರ ವಿರುದ್ಧ ಹೋರಾಡಿದರು. ಮಗ ಕೇಳಿಸಿಕೊಂಡರು, ಒಪ್ಪಲಿಲ್ಲ. ಮೂಲ ಹುಡುಕುವ ವಾದಕ್ಕೆ ಕೊನೆಯಿಲ್ಲವೆಂದು ಗೊತ್ತಿದ್ದುದರಿಂದ ನಾನೂ ಅದನ್ನು ಎಳೆಯಲಿಲ್ಲ. ಜನವರಿ ಎಂಬ ತಿಂಗಳ ಹೆಸರೇ ರೋಮನ್ನರ ದೇವತೆಯಿಂದ ಬಂದದ್ದು. ಹಾಗೆಂದು ಯಾವ ವಿಶ್ವಾಸಿಯೂ ಅರ್ಜಿಯಲ್ಲಿ ದಿನಾಂಕ ಬರೆಯುವುದನ್ನು ಬಿಟ್ಟಿಲ್ಲ.

ಪತ್ನಿಯ ಸಲಹೆಯಂತೆ, ಪತಿಯ ಒಪ್ಪಿಗೆಯಿಂದಲೇ, ಮುಂದಿನ ಭೇಟಿಗೆ ತಾಯಿಯನ್ನೂ ಕರೆಸಿದೆವು. ಮಾತು ತಾಯಂದಿರ ದಿನದ ಬೆಳಗಿನ ಬಗ್ಗೆ ಬಂತು. ಪ್ರತಿವರ್ಷ ಆ ದಿನ ಮಗ ಬಂದು ಊಟ ಮಾಡಿ ಹೋಗುವುದು ರೂಢಿಯಾಗಿತ್ತಂತೆ. ಆ ವರ್ಷ ಬರಲಿಲ್ಲ. ಬದಲಿಗೆ ಫೋನಿಗೆ ಒಂದು ಸಂದೇಶ ಬಂತು. ಮಗನ ಶುಭಾಶಯವಿರಬೇಕೆಂದು ಆ ತಾಯಿ ಕನ್ನಡಕ ಹುಡುಕಿ ಹಾಕಿಕೊಂಡು ಓದಲು ಕುಳಿತರೆ, ಅದು ತಾಯಂದಿರ ದಿನದ ಆಚರಣೆ ಏಕೆ ತಪ್ಪು ಎಂಬ ಉದ್ದನೆಯ ಲೇಖನ. ಕುಟುಂಬದವರೆಲ್ಲರಿಗೂ ಕಳುಹಿಸಿದ್ದು. ಎಲ್ಲಾದರೂ ತನ್ನ ಹೆಸರಿದೆಯೇ ಎಂದು ಕೊನೆಯವರೆಗೂ ಓದಿದೆ ಎಂದು ಅವರು ಹೇಳಿದಾಗ ಸೊಸೆ ತಲೆ ತಗ್ಗಿಸಿದರು.

ಮಗ ತಮ್ಮ ನಿಲುವನ್ನು ಸಮರ್ಥಿಸಿಕೊಳ್ಳಲು ಕಡತಕ್ಕೆ ಕೈಹಾಕಿದರು. “ಅಮ್ಮಾ, ನನಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆ ದಿನ ಲೋಕದ್ದು. ಕರ್ತನಿಗೆ ಮೆಚ್ಚುಗೆಯಾಗದ್ದನ್ನು ನಾನು ಮಾಡಲಾರೆ.”

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ ಮಗ. ಆ ದಿನ ಲೋಕದ್ದು ಅಂತ ನೀನು ಬರಲಿಲ್ಲ. ಮಾರನೇ ದಿನ ಯಾರದಾಗಿತ್ತು?” ಎಂದು ಕೇಳಿದರು. ಆಮೇಲೆ, “ಅದರ ಮಾರನೇ ದಿನ?” ಎಂದರು.

ಅದರಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಂತಿತ್ತು. ಮಗನ ಕೈ ಕಡತದ ಮೇಲೆಯೇ ಇತ್ತು, ಆದರೆ ಅದನ್ನು ತೆರೆಯಲಿಲ್ಲ. ಈ ಪ್ರಶ್ನೆಗೆ ಉತ್ತರ ಆ ಹಾಳೆಗಳಲ್ಲಿ ಇರಲಿಲ್ಲ. ಹಬ್ಬವನ್ನು ಬಿಟ್ಟ ನೆಪದಲ್ಲಿ ತಾಯಿಯನ್ನು ನೋಡುವುದೇ ನಿಂತುಹೋಗಿತ್ತು ಎಂಬುದು ಬಹುಶಃ ಅವರಿಗೂ ಅಲ್ಲಿಯೇ ಹೊಳೆಯಿತು.

ಆಗ ನಾನು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯವನ್ನು ಓದಲು ಅವರಿಗೇ ಕೊಟ್ಟೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಅರ್ಪಿತವೆಂದು ಹೇಳಿ, ಅವರಿಗೆ ಏನನ್ನೂ ಮಾಡದೆ ಬಿಡುವವರನ್ನು ಯೇಸು ಅಲ್ಲಿ ಕಠಿಣವಾಗಿ ಗದರಿಸುತ್ತಾರೆ. ಆ ಜನರು ಭಕ್ತಿಹೀನರಾಗಿರಲಿಲ್ಲ, ಭಕ್ತಿಯ ವಿಷಯದಲ್ಲಿ ಬಹಳ ಎಚ್ಚರವುಳ್ಳವರೇ ಆಗಿದ್ದರು. ಮಗ ಆ ಭಾಗವನ್ನು ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ, ತಾಯಿಯ ಕಡೆ ನೋಡಿದರು. ಅಂದು ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ತಾಯಂದಿರ ದಿನವನ್ನು ಆಚರಿಸಲು ನಿಮ್ಮ ಮನಸ್ಸಾಕ್ಷಿ ಒಪ್ಪದಿದ್ದರೆ ಆಚರಿಸಬೇಡಿ. ಆದರೆ ಅದನ್ನು ತಾಯಿಗೆ ಮುಂಚಿತವಾಗಿ, ಎದುರಿಗೆ ಕುಳಿತು, ನಿಮ್ಮ ಸ್ವಂತ ಮಾತಿನಲ್ಲಿ ಹೇಳಿ. ಆ ದಿನದ ಭೇಟಿಯನ್ನು ಬಿಟ್ಟಿರೆಂದಾದರೆ ಬೇರೆ ಭೇಟಿಗಳನ್ನು ಹೆಚ್ಚಿಸಿ, ಆಗ ನಿಮ್ಮ ನಿಲುವಿನ ಹಿಂದಿರುವುದು ಭಕ್ತಿಯೇ ಎಂದು ಅವರಿಗೂ ನಂಬಿಕೆ ಬರುತ್ತದೆ. ಕುಟುಂಬದವರಿಗೆ ಲೇಖನಗಳನ್ನು ಕಳುಹಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಪತ್ನಿಗೂ ಒಂದು ಮಾತು ಹೇಳಬೇಕಾಯಿತು: ಪತಿಗೆ ತಿಳಿಯದಂತೆ ಮಗುವಿಗೆ ವೇಷದ ಬಟ್ಟೆ ಕೊಂಡು ಕಪಾಟಿನ ಹಿಂದೆ ಇಟ್ಟಿದ್ದನ್ನು ಅವರೇ ಒಪ್ಪಿಕೊಂಡಿದ್ದರು, ಅದು ಪರಿಹಾರವಲ್ಲ.

ಈ ಸಲಹೆ ತಿಳಿದ ಅವರ ಸಭೆಯ ಹಿರಿಯರೊಬ್ಬರು, ಹೀಗೆ ಹೇಳುವುದು ಲೋಕದೊಂದಿಗೆ ರಾಜಿ ಮಾಡಿಕೊಂಡಂತೆ ಎಂದು ಆಕ್ಷೇಪಿಸಿದರು. ಅವರ ಕಾಳಜಿಯನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಹಬ್ಬಗಳ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದವರು ಸಭೆಯ ಇತಿಹಾಸದಲ್ಲಿ ಸಾಕಷ್ಟು ಮಂದಿ ಇದ್ದಾರೆ. 1659ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು (ಕಟ್ಟುನಿಟ್ಟಿನ ಪ್ರೊಟೆಸ್ಟಂಟ್ ಪಂಗಡದವರು) ಕ್ರಿಸ್ಮಸ್ ಆಚರಿಸಿದವರಿಗೇ ಐದು ಷಿಲಿಂಗ್ ದಂಡ ವಿಧಿಸುವ ಕಾನೂನು ಮಾಡಿದ್ದರು, ಅದು ರದ್ದಾದದ್ದು 1681ರಲ್ಲಿ. ಆದರೆ ನಾನು ಯಾರಿಗೂ ಆಚರಿಸಿರಿ ಎಂದು ಹೇಳಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು, ದಿನವನ್ನು ವಿಶೇಷವೆಂದು ಎಣಿಸುವವನಿಗೂ ಎಣಿಸದವನಿಗೂ ಜಾಗ ಕೊಟ್ಟು, ಒಬ್ಬನು ಮತ್ತೊಬ್ಬನನ್ನು ಹೀನೈಸಬಾರದು, ಮತ್ತೊಬ್ಬನು ಇವನಿಗೆ ತೀರ್ಪು ಮಾಡಬಾರದು ಎಂದು ಇಬ್ಬರನ್ನೂ ತಡೆಯುತ್ತಾನೆ. ಸಂಶಯಪಟ್ಟು ಮಾಡಿದ್ದು ಪಾಪವೆಂದೂ ಅದೇ ಅಧ್ಯಾಯ ಹೇಳುತ್ತದೆ; ಆದ್ದರಿಂದ ಅಳುಕುವ ಮನಸ್ಸನ್ನು ಬಲವಂತದಿಂದ ಹಬ್ಬಕ್ಕೆ ಎಳೆಯುವವರ ಪರವಾಗಿಯೂ ನಾನಿಲ್ಲ. ಎಲ್ಲವನ್ನೂ ಸಂಭ್ರಮಿಸುತ್ತ, ಹಿಂಜರಿಯುವವರನ್ನು ಗೇಲಿ ಮಾಡುವ ವಿಶ್ವಾಸಿಗಳನ್ನೂ ಬೇಕಾದಷ್ಟು ಕಂಡಿದ್ದೇನೆ.

ಎಲ್ಲ ದಿನಗಳೂ ಒಂದೇ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಕುಡಿತವೇ ಕಾರ್ಯಕ್ರಮವಾಗಿರುವ ಹೊಸ ವರ್ಷದ ಕೂಟ, ಆತ್ಮಗಳನ್ನು ಕರೆಯುವ ಆಟವಾಡುವ ಹ್ಯಾಲೊವೀನ್ ರಾತ್ರಿ ಇವುಗಳ ವಿಷಯದಲ್ಲಿ ಚರ್ಚೆಗೆ ಏನೂ ಇಲ್ಲ. ಆದರೆ ಮಾಂಸದ ಅಂಗಡಿಯಲ್ಲಿ ಮಾರುವುದನ್ನು, ಅದು ವಿಗ್ರಹಕ್ಕೆ ಅರ್ಪಿಸಿದ್ದೇ ಎಂದು ಮೂಲ ವಿಚಾರಿಸದೆ ತಿನ್ನಿರಿ ಎಂದು ಕೊರಿಂಥದವರಿಗೆ ಬರೆದ ಪೌಲನೇ ಅದೇ ಅಧ್ಯಾಯದಲ್ಲಿ ದೆವ್ವಗಳ ಪಂಕ್ತಿಯಲ್ಲಿ ಪಾಲುಗೊಳ್ಳಬಾರದೆಂದೂ ಬರೆದನು. ಅಂದರೆ ಒಂದು ದಿನ ಎಲ್ಲಿಂದ ಬಂತು ಎಂಬುದಕ್ಕಿಂತ, ಆ ದಿನ ಇಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಆಜ್ಞೆಯಿಲ್ಲದ ದಿನಗಳೆಲ್ಲ ನಿಷಿದ್ಧವೆನ್ನುವವರು ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯವನ್ನೂ ಓದಬೇಕು. ಮೋಶೆಯ ಧರ್ಮಶಾಸ್ತ್ರದಲ್ಲಿ ಇಲ್ಲದ ಪ್ರತಿಷ್ಠೆಯ ಹಬ್ಬದ (ದೇವಾಲಯದ ಮರುಪ್ರತಿಷ್ಠೆಯನ್ನು ನೆನೆಯುವ ಯೆಹೂದ್ಯರ ಹಬ್ಬ) ಕಾಲದಲ್ಲಿ ಯೇಸು ದೇವಾಲಯದಲ್ಲಿಯೇ ತಿರುಗಾಡುತ್ತಿದ್ದರು. ದಿನಗಳನ್ನು ಆಚರಿಸುತ್ತೀರಲ್ಲಾ ಎಂದು ಗಲಾತ್ಯದವರನ್ನು ಪೌಲನು ಆಕ್ಷೇಪಿಸಿದ್ದು ಅವರು ಅದರಿಂದ ನೀತಿವಂತರಾಗಲು ಹೊರಟಿದ್ದಕ್ಕಾಗಿ. ತಾಯಿಗೆ ಹೂ ಕೊಟ್ಟು ನೀತಿವಂತರಾಗಲು ಹೊರಟವರನ್ನು ನಾನು ನೋಡಿಲ್ಲ. ಹೂ ಕೊಡದೆ ಹಾಗೆ ಆಗಿದ್ದೇವೆಂದುಕೊಂಡವರನ್ನು ನೋಡಿದ್ದೇನೆ.

ಮಗ ಈಗ ವಾರಕ್ಕೊಮ್ಮೆ ತಾಯಿಯ ಮನೆಗೆ ಹೋಗಿಬರುತ್ತಾರೆ. ತಾಯಂದಿರ ದಿನವನ್ನು ಇಂದಿಗೂ ಆಚರಿಸುವುದಿಲ್ಲ, ತಾಯಿಯೂ ಕೇಳುವುದಿಲ್ಲ. ಮಗುವಿನ ವೇಷದ ದಿನದ ವಿಷಯದಲ್ಲಿ ಮಾತ್ರ ದಂಪತಿ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಅದಕ್ಕೆ ಅವಸರವಿಲ್ಲವೆಂದು ಹೇಳಿದ್ದೇನೆ. ಆದರೆ ಒಪ್ಪಂದವಾಗುವವರೆಗೆ, ಸಹಪಾಠಿಗಳು ಪಾಪ ಮಾಡುತ್ತಿದ್ದಾರೆಂದು ಮಗುವಿಗೆ ತಂದೆ ಹೇಳಕೂಡದು, ಅಪ್ಪನಿಗೆ ಗೊತ್ತಾಗದಂತೆ ಇಟ್ಟುಕೋ ಎಂದು ತಾಯಿ ಹೇಳಕೂಡದು ಎಂಬ ಎರಡು ಷರತ್ತುಗಳಿಗೆ ಇಬ್ಬರೂ ಒಪ್ಪಿದ್ದಾರೆ.