ಮೂರು ಸೆಂಟಿಮೀಟರ್ ಕಡಿಮೆ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳನ್ನು ಪೂರ್ತಿ ಬಿಟ್ಟಿದ್ದೇನೆ.)

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದವರು ಗಂಡ ಹೆಂಡತಿ. ತಂದ ಸಮಸ್ಯೆ ಮಾತ್ರ ಆರು ವರ್ಷದ ಮಗಳದು. ಮಗಳನ್ನು ಕರೆತಂದಿರಲಿಲ್ಲ.

"ಬೆಳಿಗ್ಗೆ ಎದ್ದ ತಕ್ಷಣ ಗೋಡೆಗೆ ಬೆನ್ನು ಕೊಟ್ಟು ನಿಲ್ತಾಳೆ ಮೇಡಂ. ತಲೆ ಮೇಲೆ ಸ್ಕೇಲು ಇಟ್ಕೊಂಡು ಪೆನ್ಸಿಲ್‌ನಲ್ಲಿ ಗೆರೆ ಎಳೀತಾಳೆ. ದಿನಾ ಅದೇ ಜಾಗದಲ್ಲಿ. ಗೆರೆ ಎಷ್ಟು ದಪ್ಪ ಆಗಿದೆ ಅಂದ್ರೆ ಒರೆಸಿದ್ರೂ ಹೋಗಲ್ಲ" ಎಂದರು ತಾಯಿ. "ಆಮೇಲೆ ಹಾಲು ಕೇಳ್ತಾಳೆ. ಇಷ್ಟ ಇಲ್ದಿದ್ರೂ ಮೂಗು ಮುಚ್ಕೊಂಡು ಕುಡೀತಾಳೆ. ಎಲ್ಲಾದ್ರೂ ಹೊರಗೆ ಹೋಗೋಣ್ವಾ ಅಂದ್ರೆ ಬೇಡ ಅಂತಾಳೆ."

ಯಾವಾಗಿನಿಂದ ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಐದು ವಾರದ ಹಿಂದೆ ಮನೆಯವರೆಲ್ಲ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋಗಿ ಬಂದಿದ್ದರು. ಮೂರು ದಿನದ ಪ್ರವಾಸ. ಅಪ್ಪ, ಅಮ್ಮ, ಮಗಳು, ಮೂರು ವರ್ಷದ ಮಗ.

ಹೋಗುವ ಒಂದು ತಿಂಗಳು ಮುಂಚಿನಿಂದ ಮನೆಯಲ್ಲಿ ಒಂದು ರೋಲರ್ ಕೋಸ್ಟರಿನದೇ ಮಾತು. ಅಪ್ಪ ಅದರ ವಿಡಿಯೋ ತೋರಿಸಿದ್ದರು. "ನೀನು ನಾನು ಮುಂದಿನ ಸೀಟಲ್ಲೇ ಕೂರೋಣ ಪುಟ್ಟಿ" ಎಂದಿದ್ದರು. ಪಾರ್ಕಿಗೆ ಹೋದ ಮೊದಲ ದಿನವೇ ಮುಕ್ಕಾಲು ಗಂಟೆ ಕ್ಯೂ ನಿಂತರು. ಬಾಗಿಲ ಹತ್ತಿರ ಒಂದು ಅಳತೆಗೋಲು ಇತ್ತು. ಕನಿಷ್ಠ ಎತ್ತರ 120 ಸೆಂಟಿಮೀಟರ್. ಮಗು ಇದ್ದದ್ದು 117. ಬೆರಳ ತುದಿಯಲ್ಲಿ ನಿಂತಳು. ಕತ್ತು ಉದ್ದ ಮಾಡಿದಳು. ಅಲ್ಲಿದ್ದ ಹುಡುಗ ನಕ್ಕು, ಅವಳ ಭುಜ ಒತ್ತಿ ಹಿಮ್ಮಡಿ ಕೆಳಗಿಡಿಸಿದ. ಆಗಲ್ಲ ಎಂದ. ಹಿಂದಿನಿಂದ ಜನ ಮುಂದಕ್ಕೆ ತಳ್ಳುತ್ತಿದ್ದರು.

"ಆಗ ನೀವು ಏನಂದಿರಿ?" ಎಂದು ತಂದೆಯನ್ನು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಕ್ಕೇ ದಿನಾ ಹಾಲು ಕುಡಿ ಅಂತ ಬಡ್ಕೊಳ್ಳೋದು ಅಂದೆ. ಸಿಟ್ಟಲ್ಲಿ ಬಾಯಿಗೆ ಬಂತು."

ಹಾಲಿನ ಲೋಟದ ಕತೆ ಅಲ್ಲಿಗೆ ಗೊತ್ತಾಯಿತು. ಮಗು ಆ ಮಾತನ್ನು ಅಕ್ಷರಶಃ ತಗೊಂಡಿತ್ತು. ಮಕ್ಕಳು ಹಾಗೇ ಅಲ್ವಾ? ಎಡವಟ್ಟಾದದ್ದು ಅಳತೆ ನೋಡದ ದೊಡ್ಡವರಿಂದ. ಹೊಣೆ ಬಿದ್ದದ್ದು ಅವಳ ಮೂರು ಸೆಂಟಿಮೀಟರಿನ ಮೇಲೆ.

ಮಿಕ್ಕದ್ದು ನಿಧಾನಕ್ಕೆ ಹೊರಗೆ ಬಂತು. ತಾಯಿ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ದೊಡ್ಡ ತಲೆಯ ಗೊಂಬೆ ವೇಷದವರ ಜೊತೆ ನಾಲ್ಕೂ ಜನ. ಅಪ್ಪ ಅಮ್ಮ ನಗುತ್ತಿದ್ದಾರೆ. ಮಗಳ ಕಣ್ಣು ಊದಿಕೊಂಡಿದೆ. ಚಿಕ್ಕವನ ಮುಖವೇ ಕಾಣುತ್ತಿಲ್ಲ. ಅಮ್ಮನ ದುಪಟ್ಟಾದೊಳಗೆ ತಲೆ ತೂರಿಸಿ ಅಳುತ್ತಿದ್ದಾನೆ. "ಒಂದೇ ಒಂದು ಫೋಟೋ ಅಂತ ಇವರು ಹತ್ತು ನಿಮಿಷ ಹಿಡ್ಕೊಂಡಿದ್ರು" ಎಂದರು ತಾಯಿ. ತಂದೆ, "ಅಷ್ಟು ಖರ್ಚು ಮಾಡಿ ಹೋಗಿದ್ವಲ್ಲ ಮೇಡಂ" ಎಂದರು. ಈ ಮಾತನ್ನು ಆ ದಿನ ಅವರು ನನ್ನ ಮುಂದೆ ನಾಲ್ಕು ಸಲ ಆಡಿದರು. ಮಕ್ಕಳ ಮುಂದೆ ಎಷ್ಟು ಸಲ ಆಡಿದ್ದರೋ.

ಖರ್ಚು ಎಂಬ ಮಾತಿನ ಹಿಂದೆ ಬೇರೆ ಲೆಕ್ಕ ಇದೆ ಅನ್ನಿಸಿತು. ಅವರು ಕೆಲಸದ ಮೇಲೆ ತಿಂಗಳಿನ ಅರ್ಧದಷ್ಟು ದಿನ ಊರೂರು ತಿರುಗುವವರು. ಮಗಳು ಮೊದಲ ಸಲ ಸೈಕಲ್ ಓಡಿಸಿದ್ದನ್ನು ಫೋನಿನಲ್ಲಿ ನೋಡಿದವರು. ವರ್ಷದ ಬಾಕಿಯನ್ನೆಲ್ಲ ಮೂರು ದಿನದಲ್ಲಿ ತೀರಿಸಲು ಹೊರಟಿದ್ದರು. ಹಾಗೆ ಹೊರಟವರಿಗೆ ಮಕ್ಕಳು ನಗಲೇಬೇಕು. ನಗದಿದ್ದರೆ ಬಾಕಿ ತೀರಲಿಲ್ಲ ಅಂತ ಅರ್ಥ. ಇದನ್ನು ನಾನು ಹೇಳಿದಾಗ ಅವರು ಒಪ್ಪಲಿಲ್ಲ. ವಾದ ಮಾಡಿದರು. ತಾಯಿ ಮಾತ್ರ "ಹೌದು ರೀ" ಎಂದರು, ಮೆಲ್ಲಗೆ. ಆಮೇಲೆ ಅವರೂ ವಾದ ನಿಲ್ಲಿಸಿದರು.

ನನ್ನ ಮೊದಲ ಸಲಹೆ ಮಗಳಿಗೆ ಸಂಬಂಧಿಸಿದ್ದಲ್ಲ, ಅಪ್ಪನಿಗೆ. ಕ್ಷಮೆ ಕೇಳಬೇಕು. ಹೇಗೆ ಅಂತ ಕೇಳಿದರು. ಇಬ್ಬರೂ ಸೇರಿ ಮಾತು ಜೋಡಿಸಿದೆವು: "ಅವತ್ತು ಹಾಲಿನ ವಿಷಯ ಹೇಳಿದೆನಲ್ಲ, ಅದು ತಪ್ಪು. ಎತ್ತರ ಎಷ್ಟಿರಬೇಕು ಅಂತ ಮೊದಲೇ ನೋಡಬೇಕಾದವನು ನಾನು. ನಾನು ನೋಡಲಿಲ್ಲ." ಇಷ್ಟೇ. "ಆದರೆ ನೀನೂ ಹಟ ಮಾಡಬಾರದಿತ್ತು" ಅಂತ ಕೊನೆಗೆ ಬಾಲ ಅಂಟಿಸಬೇಡಿ ಎಂದೆ. ಅಂಟಿಸುವ ಆಸೆ ಎಲ್ಲ ಅಪ್ಪಂದಿರಿಗೂ ಇರುತ್ತದೆ, ಅಮ್ಮಂದಿರಿಗೂ.

ಎರಡನೆಯದು, ಆ ಅಳತೆ ಏಕೆ ಇದೆ ಅಂತ ಮಗುವಿಗೆ ಅರ್ಥವಾಗುವ ಹಾಗೆ ಹೇಳುವುದು. ರೈಡಿನಲ್ಲಿ ಕೂತ ಮೇಲೆ ತೊಡೆಯ ಮೇಲೋ ಭುಜದ ಮೇಲೋ ಕಂಬಿ ಬಂದು ಕೂರುತ್ತದೆ. ಇಂತಿಷ್ಟು ದೊಡ್ಡ ಮೈ ಎಂದು ಲೆಕ್ಕ ಹಾಕಿ ಅದನ್ನು ಮಾಡಿರುತ್ತಾರೆ. ಚಿಕ್ಕ ಮೈಗೆ ಅದು ಬಿಗಿಯಾಗಿ ಕೂರುವುದಿಲ್ಲ, ಸಂದು ಉಳಿಯುತ್ತದೆ. ಅದು ಆ ಸೀಟಿನ ಅಳತೆ, ಹುಡುಗಿಯ ಅಳತೆ ಅಲ್ಲ. ಇಲ್ಲಿ ತಂದೆ ಇನ್ನೊಂದು ಗುಟ್ಟು ಬಿಟ್ಟುಕೊಟ್ಟರು. ಎರಡನೇ ದಿನ ಮಗಳ ಶೂ ಒಳಗೆ ಕರ್ಚೀಫು ಮಡಚಿಡುವ ಯೋಚನೆ ಬಂದಿತ್ತಂತೆ. ದಯವಿಟ್ಟು ಬೇಡ ಎಂದೆ. ಹಿಮ್ಮಡಿ ಎತ್ತರವಾದರೆ ತೊಡೆ ದಪ್ಪವಾಗುವುದಿಲ್ಲ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತಾರೆ. ಆರೇಳು ತಿಂಗಳು ಕಾದರೆ ಆ ಮೂರು ಸೆಂಟಿಮೀಟರ್ ತಾನಾಗೇ ಬರುತ್ತದೆ. ಗೋಡೆಯ ಗೆರೆಯನ್ನು ನಿಲ್ಲಿಸಬೇಡಿ, ಸುಮ್ಮನೆ ತಿಂಗಳಿಗೊಂದು ಮಾಡಿ, ಪಕ್ಕದಲ್ಲಿ ತಾರೀಖು ಬರೆಯಿರಿ ಎಂದೆ. ದಿನಾ ಅಳೆದರೆ ಯಾವ ಮಗುವೂ ಬೆಳೆಯುವುದು ಕಾಣುವುದಿಲ್ಲ.

ಚಿಕ್ಕವನ ವಿಷಯಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಮೂರು ವರ್ಷದವನಿಗೆ ಆಳೆತ್ತರದ ಗೊಂಬೆ ಬಂದು ತಬ್ಬಿಕೊಂಡರೆ ಹೆದರಿಕೆ ಸಹಜ. ಮುಖ ಅಲುಗಾಡದೆ ಮೈ ಮಾತ್ರ ಅಲುಗಾಡುವುದು ಅವನಿಗೆ ವಿಚಿತ್ರ. ಒಳಗೆ ಮನುಷ್ಯ ಇದ್ದಾನೆ ಎಂದು ಹೇಳಿದರೂ ಕಣ್ಣು ನಂಬುವುದಿಲ್ಲ. ದೂರದಿಂದ ಕೈ ಬೀಸಲಿ. ಸಾಕು. ಹತ್ತಿರ ಹೋಗುವುದೋ ಬಿಡುವುದೋ ಅವನಿಗೇ ಬಿಡಿ.

ಆಗ ತಂದೆ, "ಅವನಿಗೆ ಇದೆಲ್ಲ ನೆನಪೇ ಇರಲ್ಲ ಅಂತಾರೆ. ಮತ್ತೆ ಯಾಕೆ ಕರ್ಕೊಂಡು ಹೋಗ್ಬೇಕು?" ಎಂದರು. ಮಾತೇನೋ ನಿಜ. ದೊಡ್ಡವರಾದ ಮೇಲೆ ಹೆಚ್ಚಿನವರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನದು ನೆನಪಿರುವುದಿಲ್ಲ. "ದಿನಾ ಸ್ನಾನ ಮಾಡಿಸ್ತೀರಲ್ಲ, ಅದೂ ಅವನಿಗೆ ನೆನಪಿರಲ್ಲ" ಎಂದೆ. ತಾಯಿ ಜೋರಾಗಿ ನಕ್ಕರು. ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಅವರ ನಗು ನೋಡಿ ಅವರ ಪ್ರವಾಸ ಹೇಗಿತ್ತು ಎಂದು ಕೇಳಿದೆ. ಅದನ್ನು ಯಾರೂ ಕೇಳಿರಲಿಲ್ಲವಂತೆ. ಬ್ಯಾಗು, ನೀರು, ಬಟ್ಟೆ, ಚಿಕ್ಕವನ ಡೈಪರ್, ಯಾವ ರೈಡಿಗೆ ಎಷ್ಟು ಗಂಟೆಗೆ ಎಂಬ ಲೆಕ್ಕ, ಎಲ್ಲ ಅವರದೇ. ಮೂರು ದಿನದಲ್ಲಿ ಒಂದು ರೈಡೂ ಹತ್ತಿರಲಿಲ್ಲ. ಅನೇಕ ಪಾರ್ಕುಗಳಲ್ಲಿ ಇದಕ್ಕೆ ಒಂದು ಉಪಾಯ ಇದೆ, ಇವರಿಗೆ ಗೊತ್ತಿರಲಿಲ್ಲ. ಒಬ್ಬರು ಮಗುವಿನ ಜೊತೆ ಹೊರಗೆ ಕೂರುವುದು, ಇನ್ನೊಬ್ಬರು ರೈಡಿಗೆ ಹೋಗುವುದು. ಅವರು ಬಂದ ಮೇಲೆ ಕೂತಿದ್ದವರು ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹೋಗಬಹುದು. ಬಾಗಿಲಲ್ಲೇ ಸಿಬ್ಬಂದಿಯನ್ನು ಕೇಳಬೇಕು, ಅಷ್ಟೇ.

ವಾಲ್ಟ್ ಡಿಸ್ನಿ ಹೇಳುತ್ತಿದ್ದ ಒಂದು ಕತೆ ಇದೆ. ಅವನ ಹೆಣ್ಣುಮಕ್ಕಳು ತಿರುಗುವ ಕುದುರೆ ಮೇಲೆ ಕೂತಿದ್ದಾಗ ಅವನು ಪಾರ್ಕಿನ ಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಅಪ್ಪ ಅಮ್ಮಂದಿರೂ ಮಕ್ಕಳೂ ಒಟ್ಟಿಗೆ ಆಡುವ ಜಾಗ ಯಾಕಿಲ್ಲ ಎಂದು ಅಲ್ಲೇ ಹೊಳೆಯಿತಂತೆ. 1955ರಲ್ಲಿ ಡಿಸ್ನಿಲ್ಯಾಂಡ್ ಶುರುವಾಯಿತು. ಅಷ್ಟು ವರ್ಷ ಆದಮೇಲೂ ಅಮ್ಮಂದಿರು ಬ್ಯಾಗು ಹಿಡಿದು ಬೆಂಚಿನ ಮೇಲೇ ಕೂತಿದ್ದಾರೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಇನ್ನೊಮ್ಮೆ ಹೋದರೆ ಹೇಗೆ ಎಂದೂ ಮಾತಾಡಿದೆವು. ನನಗೆ ಮುಖ್ಯ ಅನ್ನಿಸಿದ್ದು ನಿದ್ದೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ ನಿದ್ದೆಯೂ ಸೇರಿ. ಇವರು ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋಗಿ ರಾತ್ರಿ ಒಂಬತ್ತಕ್ಕೆ ಹೊರಗೆ ಬಂದಿದ್ದರು. ಮೂರೂ ದಿನ ಸಂಜೆ ಐದರ ಹೊತ್ತಿಗೆ ರಂಪ. ಅದಕ್ಕೆ ಹಟ ಅಂತ ಹೆಸರಿಟ್ಟಿದ್ದರು. ಅದು ಬರೀ ದಣಿವು. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಆಗ ಕ್ಯೂ ಕಡಿಮೆ. ಮಧ್ಯಾಹ್ನ ರೂಮಿಗೆ ವಾಪಸ್ ಬಂದು ಪರದೆ ಎಳೆದು ಮಲಗಿಸಿ. ಬೇಕಿದ್ದರೆ ಸಂಜೆ ಮತ್ತೆ ಹೋಗಿ. "ಇನ್ನೊಂದೇ ಒಂದು" ಅನ್ನಿಸಿದ ಕ್ಷಣವೇ ಹೊರಡುವ ಹೊತ್ತು ಎಂದುಕೊಳ್ಳಿ. ದಿನಕ್ಕೆ ಒಬ್ಬೊಬ್ಬರು ಒಂದೊಂದು ಆರಿಸಲಿ, ಅಮ್ಮನೂ. ಒಂದೇ ರೈಡಿಗೆ ಐದು ಸಲ ಹೋಗುತ್ತೇನೆ ಎಂದು ಮಗು ಹೇಳಿದರೆ ಹೋಗಲಿ ಬಿಡಿ. ಹೊರಡುವ ಮುಂಚೆ ಪ್ರತಿ ರೈಡಿನ ಎತ್ತರದ ಮಿತಿ ನೋಡಿ, ಮನೆಯಲ್ಲೇ ಶೂ ಹಾಕಿಸಿ ಅಳೆದು, ಆಗುವುದನ್ನು ಮಾತ್ರ ಮಾತು ಕೊಡಿ. ಬೆಳಿಗ್ಗೆ ಮಕ್ಕಳದು ಒಂದು ಫೋಟೋ ತೆಗೆಯಿರಿ, ಅಕಸ್ಮಾತ್ ತಪ್ಪಿಸಿಕೊಂಡರೆ ಅವತ್ತಿನ ಬಟ್ಟೆ ಯಾವುದು ಅಂತ ತೋರಿಸಲು. ಕೈಗೆ ಫೋನ್ ನಂಬರ್ ಬರೆಯಿರಿ.

ಮೂರನೇ ಭೇಟಿಗೆ ಮಗಳೂ ಬಂದಳು. ಅಪ್ಪ ಕ್ಷಮೆ ಕೇಳಿದ್ದರು. "ಏನಂದಳು?" ಎಂದೆ. "ಹಾಗಾದ್ರೆ ಇನ್ಮೇಲೆ ಹಾಲು ಬೇಡ ಅಂದ್ಳು" ಎಂದರು. ದಿನಾ ಗೆರೆ ಎಳೆಯುವುದು ಇನ್ನೂ ಪೂರ್ತಿ ನಿಂತಿರಲಿಲ್ಲ. ವಾರಕ್ಕೆ ಎರಡು ಮೂರಕ್ಕೆ ಇಳಿದಿತ್ತು.

ಆಟದ ಮೂಲೆಯಲ್ಲಿ ಅವಳಿಗೆ ಟೇಪು, ಬಣ್ಣದ ಪಟ್ಟಿ ಕೊಟ್ಟೆ. ನೀನೇ ಒಂದು ಪಾರ್ಕು ಮಾಡು ಎಂದೆ. ಗೋಡೆಯ ಮೇಲೆ ತನ್ನ ತಲೆಗಿಂತ ಸ್ವಲ್ಪ ಮೇಲೆ ಕೆಂಪು ಪಟ್ಟಿ ಅಂಟಿಸಿದಳು. "ಇದಕ್ಕಿಂತ ಉದ್ದ ಇರೋರಿಗೆ ಪ್ರವೇಶ ಇಲ್ಲ" ಎಂದಳು. ನಿಜಕ್ಕೂ ಪುಟ್ಟ ಮಕ್ಕಳ ಆಟದ ಜಾಗಗಳಲ್ಲಿ ಇಂಥ ಮೇಲಿನ ಮಿತಿ ಇರುತ್ತದೆ, ಅವಳು ಅದನ್ನು ನೋಡಿರಬೇಕು. ನನ್ನನ್ನು ಹೊರಗಿಟ್ಟಳು. ಅಮ್ಮನನ್ನೂ.

ಅಪ್ಪ ಏನೂ ಹೇಳದೆ ಕುರ್ಚಿಯಿಂದ ಎದ್ದು, ಪ್ಯಾಂಟು ಸ್ವಲ್ಪ ಮೇಲೆಳೆದು, ಮಂಡಿ ಊರಿ ಗೋಡೆಯ ಪಕ್ಕ ಬಂದರು. ಅವಳು ಅವರ ತಲೆಯ ಮೇಲೆ ಸ್ಕೇಲು ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದಳು.

"ಕೂದಲು ಒತ್ಕೊಳ್ಳಿ ಅಪ್ಪಾ" ಎಂದಳು. "ಇನ್ನೂ ಚೂರು ಇದೆ."